ಜಾಡಿಯೊಳಗಿನ ಚಟ್ನಿ, ಹೆಸರಿಲ್ಲದ ಕೈಗಳು

ಚಟ್ನಿ ಎಂದೊಡನೆ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಬೆಳಗಿನ ದೋಸೆಯ ಪಕ್ಕದ ತೆಂಗಿನಕಾಯಿ ಚಟ್ನಿ. ರುಬ್ಬಿದ ದಿನವೇ ಮುಗಿಯಬೇಕಾದ ಪದಾರ್ಥವದು. ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹಳಸಿಬಿಡುತ್ತದೆ. ಆದರೆ ಇಂಗ್ಲೆಂಡಿನ ಅಂಗಡಿಯಲ್ಲಿ ಚಟ್ನಿ ಕೇಳಿದರೆ ಕೈಗೆ ಬರುವುದು ಬೇರೆಯೇ ವಸ್ತು. ಮಾವಿನ ಹೋಳುಗಳನ್ನು ಸಕ್ಕರೆ, ವಿನೆಗರ್, ಶುಂಠಿ, ಒಣದ್ರಾಕ್ಷಿ, ಮೆಣಸಿನಕಾಯಿಗಳೊಡನೆ ಬೇಯಿಸಿ ಸೀಸೆಗೆ ತುಂಬಿದ, ತಿಂಗಳುಗಟ್ಟಲೆ ಕೆಡದ ಸಿಹಿ, ಹುಳಿ, ಖಾರದ ಪಾಕ. ಹೆಸರು ಒಂದೇ, ವಸ್ತು ಎರಡು. ಮೊದಲನೆಯದು ಎರಡನೆಯದಾದ ಬಗೆಯನ್ನು ಹುಡುಕುತ್ತ ಹೊರಟರೆ ನಾವು ಬೆಂಗಳೂರಿನ ದಂಡು ಪ್ರದೇಶದ ಹಳೆಯ ಬಂಗಲೆಗಳ ಹಿಂಬದಿಯ ಅಡುಗೆಕೋಣೆಗೆ ಬಂದು ಸೇರುತ್ತೇವೆ.

ಹಣ್ಣುಕಾಯಿಗಳನ್ನು ಕೆಡದಂತೆ ಇಡುವ ವಿದ್ಯೆಯನ್ನು ಪರದೇಶಿಗಳು ನಮಗೆ ಕಲಿಸಲಿಲ್ಲ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಿಯೇ ಪಾಕಶಾಸ್ತ್ರಕ್ಕೆ ಸ್ಥಳವಿದೆ. ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವೆಂಬ ಕೃತಿಯನ್ನೇ ರಚಿಸಿದನು. ಗುರುಲಿಂಗ ದೇಶಿಕನ ‘ಲಿಂಗಪುರಾಣ’ (1594) ಐವತ್ತು ಬಗೆಯ ಉಪ್ಪಿನಕಾಯಿಗಳನ್ನು ಹೇಳುತ್ತದೆಂದು ಆಹಾರ ಚರಿತ್ರೆಕಾರ ಕೆ. ಟಿ. ಅಚ್ಚಯ್ಯನವರು ಬರೆದಿದ್ದಾರೆ. ಉಪ್ಪು, ಎಣ್ಣೆ, ಬಿಸಿಲು, ಹುಣಸೆಯ ಮತ್ತು ನಿಂಬೆಯ ಹುಳಿ, ಇವೇ ನಮ್ಮ ಹಿರಿಯರ ರಕ್ಷಕ ದ್ರವ್ಯಗಳಾಗಿದ್ದವು. ಸಿಹಿ, ಹುಳಿ, ಖಾರಗಳನ್ನು ಒಂದೇ ಪಾತ್ರೆಯಲ್ಲಿ ಕೂಡಿಸುವುದೂ ನಮಗೆ ಹೊಸತಲ್ಲ. ಹಳೆಯ ಮೈಸೂರು ಸೀಮೆಯ ಅನಾನಸಿನ ಗೊಜ್ಜನ್ನು ಉಂಡವರಿಗೆ ಇಂಗ್ಲಿಷರ ಚಟ್ನಿ ಅಪರಿಚಿತವೆನಿಸಲಾರದು. ಹೊಸದಾಗಿ ಬಂದದ್ದು ವಿನೆಗರ್. ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಪೋರ್ಚುಗೀಸರ ಸಂಪರ್ಕದಿಂದ ಕಳ್ಳಿನ ಹುಳಿ ಬಳಕೆಗೆ ಬಂದಿತ್ತು. ಒಳನಾಡಿನ ಒಕ್ಕಲು ಮನೆಗಳಿಗೆ ಅದರ ಅಗತ್ಯ ಬೀಳಲಿಲ್ಲ.

ಅಲ್ಲದೆ ಆ ಗೊಜ್ಜಿಗೆ ಬೀಳುವ ಅನಾನಸು, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ಪಪ್ಪಾಯಿಯನ್ನು ನಾವು ಪರಂಗಿ ಹಣ್ಣು ಎನ್ನುತ್ತೇವೆ. ಪರಂಗಿಯೆಂದರೆ ಫಿರಂಗಿ, ಅಂದರೆ ಯುರೋಪಿನವನು. ಬಂದ ದಾರಿಯನ್ನು ಹಣ್ಣಿನ ಹೆಸರಿನಲ್ಲಿಯೇ ಬರೆದಿಟ್ಟುಕೊಂಡ ಭಾಷೆ ನಮ್ಮದು.

1809ರಲ್ಲಿ ಬ್ರಿಟಿಷರು ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. ಸೈನ್ಯದ ಹಿಂದೆಯೇ ಮದರಾಸಿನ ಕಡೆಯಿಂದ ಅಡುಗೆಯವರು, ಬಟ್ಲರುಗಳು, ಆಯಾಗಳು, ಕುದುರೆ ಕಾಯುವವರು ಬಂದರು. ಬಂಗಲೆಯ ದೊರೆಸಾನಿಗೆ ಈ ನಾಡಿನ ಹಸಿ ಚಟ್ನಿಯ ರುಚಿ ಹತ್ತಿತು. ಆದರೆ ಅದನ್ನು ಊರಿಗೆ ಕಳುಹಿಸುವುದು ಹೇಗೆ? ತಿಂಗಳುಗಳ ಸಮುದ್ರಯಾನವನ್ನು ತಾಳಬೇಕಾದರೆ ಅದು ಬೇಯಬೇಕು; ಸಕ್ಕರೆಯೂ ವಿನೆಗರೂ ಹೆಚ್ಚಬೇಕು. ಹೀಗೆ ದಿನದ ಚಟ್ನಿ ವರ್ಷದ ಚಟ್ನಿಯಾಯಿತು. 1886ರಲ್ಲಿ ಪ್ರಕಟವಾದ ಯೂಲ್ ಮತ್ತು ಬರ್ನೆಲ್ ಅವರ ‘ಹಾಬ್ಸನ್ ಜಾಬ್ಸನ್’ ನಿಘಂಟಿನಲ್ಲಿ ಈ ಪದಕ್ಕೆ ಜಾಗ ದೊರೆತಿದೆ. ಇವರಲ್ಲಿ ಬರ್ನೆಲ್ ನಮ್ಮ ಮಂಗಳೂರಿನಲ್ಲಿಯೂ ನ್ಯಾಯಾಧೀಶರಾಗಿದ್ದವರು. ನಿಘಂಟು ಅಚ್ಚಾಗುವ ಮೊದಲೇ, 1882ರಲ್ಲಿ, ತೀರಿಕೊಂಡರು.

ಮಾವಿನ ಚಟ್ನಿಗಳಲ್ಲಿ ಜಗತ್ತಿನಾದ್ಯಂತ ಹೆಸರಾದದ್ದು ‘ಮೇಜರ್ ಗ್ರೇ’ ಚಟ್ನಿ. ಭಾರತದಲ್ಲಿದ್ದ ಬ್ರಿಟಿಷ್ ಸೇನಾಧಿಕಾರಿಯೊಬ್ಬ ಅದನ್ನು ಕಂಡುಹಿಡಿದನೆಂಬುದು ಪ್ರತೀತಿ. ಅಂಥ ಮೇಜರ್ ಒಬ್ಬ ಇದ್ದನೆಂಬುದಕ್ಕೆ ಗಟ್ಟಿಯಾದ ಆಧಾರ ಸಿಕ್ಕಿಲ್ಲ. ಇದ್ದಿದ್ದರೂ ಆತ ಮಾವಿನಕಾಯಿಯ ಸಿಪ್ಪೆ ಹೆರೆದು, ಸೌದೆ ಒಲೆಯ ಹೊಗೆಯಲ್ಲಿ ಕಣ್ಣೀರು ಸುರಿಸುತ್ತ ಪಾಕ ಕಲಕುತ್ತಿದ್ದನೆಂದು ನಂಬುವುದು ನನಗೆ ಕಷ್ಟ. ಆ ಕೆಲಸ ಅಡುಗೆಯವನದು. ‘ವೈವರ್ನ್’ ಎಂಬ ಹೆಸರಿನಿಂದ ಬರೆಯುತ್ತಿದ್ದ ಕರ್ನಲ್ ಕೆನ್ನಿ-ಹರ್ಬರ್ಟ್ 1878ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದ ಪಾಕಪುಸ್ತಕ ದಕ್ಷಿಣ ಭಾರತದ ಬಂಗಲೆಗಳಿಗಾಗಿಯೇ ಬರೆದದ್ದು. ಅದರಲ್ಲಿ ಅಡುಗೆಯವನು ಪುಟಪುಟಕ್ಕೂ ಬರುತ್ತಾನೆ. ಆದರೆ ‘ರಾಮಸಾಮಿ’ ಎಂದು ಮಾತ್ರ. ಅದು ಯಾವನೊಬ್ಬನ ಹೆಸರೂ ಅಲ್ಲ; ಎಲ್ಲ ಅಡುಗೆಯವರಿಗೂ ಒಟ್ಟಾಗಿ ಅಂಟಿಸಿದ ಚೀಟಿ. ಇಲ್ಲದ ಮೇಜರನಿಗೆ ಹೆಸರು ದೊರೆಯಿತು. ಇದ್ದ ಅಡುಗೆಯವನಿಗೆ ದೊರೆಯಲಿಲ್ಲ.

ಇದು ನಮ್ಮ ಧರ್ಮಕೇಂದ್ರಗಳ ಕುಟುಂಬಗಳಿಗೆ ದೂರದ ಸಂಗತಿಯಲ್ಲ. ದಂಡು ಪ್ರದೇಶದ ಬಂಗಲೆಗಳಲ್ಲಿ ದುಡಿದವರಲ್ಲಿ ಕ್ರೈಸ್ತರೂ ಇದ್ದರು. ಅವರ ಮೊಮ್ಮಕ್ಕಳ ಮಕ್ಕಳು ಇಂದೂ ಈ ನಗರದಲ್ಲಿದ್ದಾರೆ. ಪಾಕಪುಸ್ತಕ ಕೊಡದ ಹೆಸರನ್ನು ಇನ್ನೊಂದು ಪುಸ್ತಕ ಕೊಟ್ಟಿರಬಹುದು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯಿದೆಯ ನೋಂದಣಿ ನಮೂನೆಯಲ್ಲಿ ವಧೂವರರ ಹೆಸರು, ವಯಸ್ಸು, ವಾಸಸ್ಥಳ, ತಂದೆಯ ಹೆಸರುಗಳ ಜೊತೆಗೆ ಅಂತಸ್ತು ಅಥವಾ ವೃತ್ತಿ ಎಂಬ ಅಂಕಣವೂ ಇದೆ. ಹಳೆಯ ದೇವಾಲಯಗಳ ಕಪಾಟಿನಲ್ಲಿರುವ ಆ ದಪ್ಪ ಪುಸ್ತಕಗಳ ಹಾಳೆಗಳು ಪುಡಿಯಾಗುವ ಮುನ್ನ ಅಡುಗೆ ವೃತ್ತಿಯವರನ್ನು ಹುಡುಕಿ ಪಟ್ಟಿ ಮಾಡುವ ಯುವಕ ಯುವತಿಯರು ಮುಂದೆ ಬಂದರೆ, ಬೆಂಗಳೂರಿನ ಚರಿತ್ರೆಗೆ ಅದೊಂದು ದೊಡ್ಡ ಕಾಣಿಕೆಯಾದೀತು. ಕುಟುಂಬಗಳ ಖಾಸಗಿ ವಿವರಗಳಿರುವ ದಾಖಲೆಗಳಾದ್ದರಿಂದ ಗುರುಗಳ ಅಪ್ಪಣೆ ಪಡೆದೇ ನೋಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಹಣ್ಣಿನ ಮಾತು. ನಗರದ ಉತ್ತರದ ಅಂಚಿನಲ್ಲಿರುವ ನಮ್ಮ ಚಿಕ್ಕಬಾಣಾವರದಿಂದ ಹೆಸರಘಟ್ಟ ದೂರವಿಲ್ಲ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಜಲಾಶಯ ನಿರ್ಮಾಣವಾಗಿ ಬೆಂಗಳೂರಿಗೆ ನಲ್ಲಿಯ ನೀರು ಬಂದದ್ದು ಅಲ್ಲಿಂದಲೇ. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1968ರಿಂದ ಬೆಂಗಳೂರಿನಲ್ಲಿ ನೆಲೆನಿಂತು ಹೆಸರಘಟ್ಟವನ್ನೇ ತನ್ನ ಕಾರ್ಯಕ್ಷೇತ್ರವಾಗಿ ಮಾಡಿಕೊಂಡಿತು. ಅಲ್ಲಿ ಹುಟ್ಟಿದ ಅನೇಕ ತಳಿಗಳ ಹೆಸರಿನ ಮುಂದಿರುವ ‘ಅರ್ಕಾ’ ಎಂಬ ಪದ ಆ ನದಿಯದೇ. ಸೀಬೆಯಲ್ಲಿ ಅರ್ಕಾ ಮೃದುಲ ಅದಕ್ಕೊಂದು ಉದಾಹರಣೆ. ಬೆಂಗಳೂರಿನ ಸುತ್ತಲ ಕಪ್ಪು ದ್ರಾಕ್ಷಿ ‘ಬೆಂಗಳೂರ್ ಬ್ಲೂ’ ಭೌಗೋಳಿಕ ಗುರುತಿನ ಮಾನ್ಯತೆ ಪಡೆದಿದೆ. ಆ ದ್ರಾಕ್ಷಿ ಬೆಳೆಗಾರರೇ 1959ರಲ್ಲಿ ಕಟ್ಟಿದ ಮಾರಾಟ ಮತ್ತು ಸಂಸ್ಕರಣಾ ಸಹಕಾರ ಸಂಘವು ಮುಂದೆ ಹಾಪ್‌ಕಾಮ್ಸ್ ಆಯಿತು. ಸಂಘದ ಮೊದಲ ಹೆಸರಿನಲ್ಲಿಯೇ ಸಂಸ್ಕರಣೆ ಎಂಬ ಮಾತಿದ್ದುದನ್ನು ಗಮನಿಸಬೇಕು. ಬೆಲೆ ಬಿದ್ದ ದಿನ ಹಣ್ಣನ್ನು ತಿಪ್ಪೆಗೆ ಸುರಿಯದೆ ಉಳಿಸುವ ಚಿಂತೆ ಅಂದಿನ ರೈತನಿಗೂ ಇತ್ತು.

ಚಿಕ್ಕಬಾಣಾವರದ ಸುತ್ತಲ ತೋಟಗಳ ಜಾಗದಲ್ಲಿ ಈಗ ಬಡಾವಣೆಗಳೂ ಕಾಲೇಜುಗಳೂ ಎದ್ದಿವೆ. 2017ರಲ್ಲಿ ಹಾಸನದ ಹೊಸ ರೈಲು ಹಾದಿಯೂ ಇಲ್ಲಿಂದ ಕವಲೊಡೆಯಿತು. ಮನೆಯಂಗಳದಲ್ಲೊಂದು ಸೀಬೆ, ಹಿತ್ತಲಿನಲ್ಲೊಂದು ಪರಂಗಿ ಮಾತ್ರ ಅಲ್ಲಲ್ಲಿ ಉಳಿದಿವೆ; ಸುಗ್ಗಿಯಲ್ಲಿ ಅರ್ಧ ಹಣ್ಣು ಅಳಿಲು ಬಾವಲಿಗಳ ಪಾಲು, ಅದು ಇರಲಿ, ಉಳಿದರ್ಧ ನೆಲಕ್ಕೆ ಬಿದ್ದು ಕೊಳೆಯುತ್ತದೆ. ಅಂಥವರಿಗಾಗಿ ವಿಧಾನವನ್ನು ತುಸು ವಿವರವಾಗಿಯೇ ಬರೆಯುತ್ತೇನೆ.

ಬಲಿತ, ಇನ್ನೂ ಗಟ್ಟಿಯಾಗಿರುವ ತೋತಾಪುರಿ ಮಾವು ಇದಕ್ಕೆ ಒಳ್ಳೆಯದು. ನಮ್ಮವರು ಗಿಣಿಮೂತಿ ಎನ್ನುವ ಈ ಮಾವಿಗೆ ತೋಟಗಾರಿಕೆಯ ಗ್ರಂಥಗಳಲ್ಲಿ ‘ಬ್ಯಾಂಗಲೋರಾ’ ಎಂಬ ಹೆಸರೂ ಉಂಟು. ಸಿಪ್ಪೆ ತೆಗೆದ ಹೋಳು ಒಂದು ಕಿಲೋ ಇದ್ದರೆ ಸಕ್ಕರೆಯೂ ಹೆಚ್ಚುಕಡಿಮೆ ಅಷ್ಟೇ. ಹೋಳನ್ನು ಸ್ವಲ್ಪ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ, ಸಕ್ಕರೆ ಮತ್ತು ಸುಮಾರು 45 ಗ್ರಾಂ ಉಪ್ಪು ಬೆರೆಸಬೇಕು. ಹೆಚ್ಚಿದ ಶುಂಠಿ, ಬೆಳ್ಳುಳ್ಳಿ 15 ಗ್ರಾಂನಷ್ಟು, ಅಚ್ಚಖಾರದ ಪುಡಿ 10 ಗ್ರಾಂ. ಚಕ್ಕೆ, ಲವಂಗ, ಏಲಕ್ಕಿ, ಜೀರಿಗೆಗಳನ್ನು ಕುಟ್ಟಿ ತೆಳುವಾದ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟರೆ ಪರಿಮಳ ಇಳಿಯುತ್ತದೆ, ಪಾಕ ಕಪ್ಪಾಗುವುದಿಲ್ಲ. ಸಣ್ಣ ಉರಿಯಲ್ಲಿ ತಳ ಹಿಡಿಯದಂತೆ ಕಲಕುತ್ತಿರಬೇಕು. ವಿನೆಗರ್ 170 ಮಿಲಿ ಲೀಟರಿನಷ್ಟು ಸಾಕು. ಮೊದಲೇ ಸುರಿದರೆ ಅದರ ಆಮ್ಲ ಆವಿಯಾಗಿ ಹೋಗುವುದರಿಂದ ಪಾಕ ಗಟ್ಟಿಯಾದ ಮೇಲೆ ಹಾಕಿ ಇನ್ನೂ ಐದು ನಿಮಿಷ ಕುದಿಸಬೇಕು. ಸೀಬೆಗೂ ಇದೇ ಕ್ರಮ, ಬೀಜದ ತಿರುಳು ತೆಗೆಯಬೇಕು. ಪರಂಗಿಯಾದರೆ ಅದರಲ್ಲಿ ಹುಳಿಯೇ ಇಲ್ಲದ್ದರಿಂದ ವಿನೆಗರ್ ಕಡಿಮೆ ಮಾಡುವ ಜಾಣತನ ಬೇಡ.

ಈ ಕೊನೆಯ ಮಾತು ರುಚಿಗೆ ಸಂಬಂಧಿಸಿದ್ದಲ್ಲ, ಜೀವಕ್ಕೆ ಸಂಬಂಧಿಸಿದ್ದು. ಗಾಳಿಯಿಲ್ಲದ ಸೀಸೆಯೊಳಗೆ ಬೆಳೆದು ವಿಷ ಉಂಟುಮಾಡುವ ಬೊಟುಲಿನಂ ಎಂಬ ಸೂಕ್ಷ್ಮಾಣು, ಪಿಎಚ್ ಮಾನ 4.6ಕ್ಕಿಂತ ಕೆಳಗಿರುವಷ್ಟು ಹುಳಿಯಲ್ಲಿ ಬೆಳೆಯಲಾರದು. ಸಕ್ಕರೆಯು ಪಾಕದಲ್ಲಿರುವ ನೀರನ್ನು ಹಿಡಿದಿಟ್ಟುಕೊಂಡು ಇತರ ಸೂಕ್ಷ್ಮಾಣುಗಳಿಗೆ ಅದು ದೊರೆಯದಂತೆ ಮಾಡುತ್ತದೆ. ಹಳಬರಿಗೆ ಪಿಎಚ್ ತಿಳಿಯದಿದ್ದರೂ ನಾಲಗೆ ತಿಳಿದಿತ್ತು. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿ ಕುದಿಸಬಾರದೆಂಬ ಕಟ್ಟುಪಾಡಿಗೂ ಕಾರಣವಿದೆ. ಆಮ್ಲವು ತಾಮ್ರವನ್ನು ಕರಗಿಸಿ ಪಾಕಕ್ಕೆ ಸೇರಿಸುತ್ತದೆ. ಇಂದು ಸ್ಟೀಲ್ ಪಾತ್ರೆ ಇದ್ದರೆ ಆ ಭಯವಿಲ್ಲ. ಸೀಸೆಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಅದ್ದಿ, ಒಣಗಿಸಿ, ಚಟ್ನಿ ಬಿಸಿಯಿರುವಾಗಲೇ ತುಂಬಿ ಮುಚ್ಚಬೇಕು. ಬೂಷ್ಟು ಕಂಡರೆ ಮೇಲಿನದನ್ನು ಕೆರೆದು ತಿನ್ನುವುದು ಬೇಡ, ಸೀಸೆಯನ್ನೇ ಬಿಸಾಡಬೇಕು.

ಅಡುಗೆಮನೆಯ ಈ ಅನುಭವಕ್ಕೆ ವಿಜ್ಞಾನದ ಲೆಕ್ಕ ಒದಗಿಸಿದ ಸಂಸ್ಥೆಗಳಲ್ಲಿ ಮುಖ್ಯವಾದದ್ದು 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. 1955ರಲ್ಲಿ ಹಣ್ಣಿನ ಉತ್ಪನ್ನಗಳ ಕುರಿತ ಕೇಂದ್ರದ ಆದೇಶ ಬಂದಿತು. 2006ರ ಆಹಾರ ಸುರಕ್ಷತಾ ಕಾಯಿದೆ ಅದರ ಸ್ಥಾನಕ್ಕೆ ಬಂದಿದೆ. ಮಾರುವ ಹಣ್ಣಿನ ಚಟ್ನಿಯಲ್ಲಿ ತೂಕದ ನೂರಕ್ಕೆ 40 ಭಾಗವಾದರೂ ಹಣ್ಣಿರಬೇಕು, ಕರಗಿದ ಘನಾಂಶ 50 ಭಾಗಕ್ಕೆ ಕಡಿಮೆಯಿರಬಾರದು ಎಂಬುದು ನಿಯಮ. ಸ್ವಸಹಾಯ ಸಂಘದ ತಾಯಂದಿರು ಹಬ್ಬದ ಅಂಗಡಿಗೆಂದು ಸೀಸೆ ತುಂಬಿಸುವುದಾದರೆ ಇದನ್ನು ತಿಳಿದಿರಬೇಕು. ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಲೂ ಬೇಕು. ತುಂಬಿದ ಸೀಸೆ ಕತ್ತಲಲ್ಲಿ ಮೂರು ನಾಲ್ಕು ವಾರ ಕುಳಿತರೆ ವಿನೆಗರಿನ ತೀಕ್ಷ್ಣತೆ ತಗ್ಗಿ ರುಚಿ ಕೂಡಿಬರುತ್ತದೆ. ಆ ಬಿಡುವಿನಲ್ಲಿ ಚೀಟಿ ಬರೆದು ಅಂಟಿಸಬಹುದು: ಏನೇನು ಹಾಕಿದೆ, ಎಷ್ಟು ತೂಕ, ಯಾವ ದಿನ ಮಾಡಿದ್ದು, ಮತ್ತು, ಕಾಯಿದೆಯೂ ಕೇಳುವಂತೆ, ಮಾಡಿದವರ ಹೆಸರು ಮತ್ತು ವಿಳಾಸ.