ಒಂದು ಜನ್ಮದಿನಾಂಕದ ಬೆಲೆ

1990ರ ಇಟಲಿ ವಿಶ್ವಕಪ್ ಫುಟ್‌ಬಾಲಿನಲ್ಲಿ ಮೆಕ್ಸಿಕೊ ಇರಲಿಲ್ಲ. ಕೇವಲ ನಾಲ್ಕು ವರ್ಷಗಳ ಹಿಂದೆ ಅದೇ ವಿಶ್ವಕಪ್ಪನ್ನು ತನ್ನ ನೆಲದಲ್ಲಿ ನಡೆಸಿ, ಕ್ವಾರ್ಟರ್ ಫೈನಲ್ ತಲುಪಿ, ಪಶ್ಚಿಮ ಜರ್ಮನಿಗೆ ಪೆನಾಲ್ಟಿಗಳಲ್ಲಷ್ಟೇ ಮಣಿದಿದ್ದ ತಂಡವದು. ಇಟಲಿಯ ದಾರಿಯಲ್ಲಿ ಅದು ಯಾರಿಗೂ ಸೋಲಲಿಲ್ಲ. ಒಂದು ಅರ್ಹತಾ ಪಂದ್ಯವನ್ನಾದರೂ ಆಡುವ ಅವಕಾಶವೇ ಅದಕ್ಕೆ ದೊರೆಯಲಿಲ್ಲ. ಇದರ ಕಾರಣ ಅಡಗಿರುವುದು 1988ರ ಏಪ್ರಿಲ್‌ನಲ್ಲಿ ಗ್ವಾಟೆಮಾಲದಲ್ಲಿ ನಡೆದ ಕಿರಿಯರ ಪಂದ್ಯಾವಳಿಯೊಂದರಲ್ಲಿ.

ಮರುವರ್ಷ ಸೌದಿ ಅರೇಬಿಯಾದಲ್ಲಿ ನಡೆಯಬೇಕಿದ್ದ ವಿಶ್ವ ಯುವ ಚಾಂಪಿಯನ್‌ಷಿಪ್‌ಗೆ ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ವಲಯದಿಂದ ಎರಡು ತಂಡಗಳನ್ನು ಆರಿಸುವ ಪಂದ್ಯಾವಳಿ ಅದು. 20 ವರ್ಷದೊಳಗಿನವರು ಮಾತ್ರ ಆಡಬೇಕೆಂಬುದು ನಿಯಮ. ಆ ವಯಸ್ಸಿನಲ್ಲಿ ಎರಡು ಮೂರು ವರ್ಷಗಳ ಅಂತರವೆಂದರೆ ಮೈಕಟ್ಟು, ವೇಗ, ಅನುಭವಗಳ ಅಂತರ. ಮೆಕ್ಸಿಕೊ ತಂಡದಲ್ಲಿ ವಯೋಮಿತಿ ಮೀರಿದ ನಾಲ್ವರು ಆಟಗಾರರು ತಿದ್ದಿದ ಜನ್ಮದಿನಾಂಕಗಳೊಂದಿಗೆ ಕಣಕ್ಕಿಳಿದಿದ್ದರು.

ಈ ಮೋಸವನ್ನು ಬಯಲಿಗೆಳೆದವರು ಎದುರಾಳಿ ದೇಶದ ಗೂಢಚಾರರಲ್ಲ, ಮೆಕ್ಸಿಕೊದವರೇ ಆದ ಪತ್ರಕರ್ತ ಅಂತೋನಿಯೊ ಮೊರೆನೊ. ಅವರಿಗೆ ಸಾಕ್ಷ್ಯ ದೊರೆತದ್ದು ಯಾವುದೋ ಗುಪ್ತ ಕಡತದಲ್ಲೂ ಅಲ್ಲ. ಮೆಕ್ಸಿಕೊದ ಫುಟ್‌ಬಾಲ್ ಒಕ್ಕೂಟ ತಾನೇ ಅಚ್ಚುಹಾಕಿಸಿದ್ದ ವಾರ್ಷಿಕ ಕೈಪಿಡಿಯಲ್ಲಿ ಆ ಆಟಗಾರರ ನಿಜವಾದ ಜನ್ಮದಿನಾಂಕಗಳಿದ್ದವು. ಪಂದ್ಯಾವಳಿಗೆ ಕೊಟ್ಟ ದಾಖಲೆ ಒಂದು ಹೇಳುತ್ತಿತ್ತು, ಕೈಪಿಡಿ ಇನ್ನೊಂದು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ವ್ಯವಧಾನವೊಂದೇ ಬೇಕಿತ್ತು.

ಸರ್ಕಾರಿ ಕೆಲಸದಲ್ಲಿರುವವರಿಗೆ ಸೇವಾ ಪುಸ್ತಕದ ಮೊದಲ ಪುಟದಲ್ಲಿರುವ ಜನ್ಮದಿನಾಂಕದ ತೂಕ ಗೊತ್ತು. ನಮ್ಮ ಹಳ್ಳಿಗಳಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಮಂದಿಯ ಹುಟ್ಟಿದ ದಿನವನ್ನು ನಿಶ್ಚಯಿಸಿದವರು ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು. ಅದು ನಿಜ ತಿಳಿಯದೆ ಮಾಡಿದ ಅಂದಾಜು. ಮೆಕ್ಸಿಕೊದ ಪ್ರಕರಣ ಹಾಗಲ್ಲ. ಅಲ್ಲಿ ನಿಜ ತಿಳಿದಿತ್ತು, ಅಚ್ಚಾಗಿಯೂ ಇತ್ತು. ಹಾಗಿದ್ದೂ ಬೇರೆಯದನ್ನು ಬರೆಯಲಾಯಿತು.

ವಲಯದ ಒಕ್ಕೂಟ ಮೊದಲು ಕಿರಿಯರ ತಂಡವನ್ನು ಹೊರಗಿಟ್ಟಿತು. ಮೆಕ್ಸಿಕೊದವರೇ ಆದ ಗಿಯೆರ್ಮೊ ಕನ್ಯೇದೊ ಆಗ ಫಿಫಾದ ಉಪಾಧ್ಯಕ್ಷರಲ್ಲಿ ಒಬ್ಬರು. ಆದರೂ 1988ರ ಜೂನ್ 30ರಂದು ಹೊರಬಿದ್ದ ಫಿಫಾ ತೀರ್ಪು ಶಿಕ್ಷೆಯನ್ನು ಇಳಿಸುವ ಬದಲು ಹಿಗ್ಗಿಸಿತು: ಮೆಕ್ಸಿಕೊದ ಎಲ್ಲ ರಾಷ್ಟ್ರೀಯ ತಂಡಗಳಿಗೂ ಎರಡು ವರ್ಷ ಅಂತರರಾಷ್ಟ್ರೀಯ ಸ್ಪರ್ಧೆಗಳಿಂದ ನಿಷೇಧ.

ಆಮೇಲೆ ನಡೆದದ್ದು ಬೇರೆಯವರ ಭಾಗ್ಯದ ಕಥೆ. ಸೋಲ್ ಒಲಿಂಪಿಕ್ಸ್‌ನಲ್ಲಿ ಮೆಕ್ಸಿಕೊದ ಸ್ಥಾನ ಹೋದದ್ದು ಗ್ವಾಟೆಮಾಲಕ್ಕೆ, ಅಂದರೆ ಆ ಕಿರಿಯರ ಪಂದ್ಯಾವಳಿ ನಡೆದ ದೇಶಕ್ಕೇ. ಸೌದಿ ಅರೇಬಿಯಾಕ್ಕೆ ಕೋಸ್ಟರಿಕಾದೊಂದಿಗೆ ಅಮೆರಿಕದ ಹುಡುಗರು ಹೋದರು. ನಾಲ್ಕನೆಯ ಸ್ಥಾನ ಗಳಿಸಿ ಬಂದರು. ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮೆಕ್ಸಿಕೊವನ್ನು ಎದುರಿಸಬೇಕಿದ್ದ ಕೋಸ್ಟರಿಕಾ ಆಡದೆಯೇ ಮುಂದೆ ಸಾಗಿ, ಮೊದಲ ಬಾರಿಗೆ ವಿಶ್ವಕಪ್ ತಲುಪಿ, ಅಲ್ಲಿ ಸ್ಕಾಟ್ಲೆಂಡ್ ಮತ್ತು ಸ್ವೀಡನ್ ತಂಡಗಳನ್ನು ಸೋಲಿಸಿತು. ಅದರ ತರಬೇತುದಾರ ಬೋರಾ ಮಿಲುಟಿನೊವಿಚ್ 1986ರಲ್ಲಿ ಮೆಕ್ಸಿಕೊದ ತರಬೇತುದಾರರಾಗಿದ್ದವರು! ಉಳಿದ ಇನ್ನೊಂದು ಸ್ಥಾನಕ್ಕಾಗಿ 1989ರ ನವೆಂಬರ್ 19ರಂದು ಪೋರ್ಟ್ ಆಫ್ ಸ್ಪೇನ್‌ನಲ್ಲಿ ಅಮೆರಿಕವು ಟ್ರಿನಿಡಾಡ್ ಮತ್ತು ಟೊಬಾಗೊ ತಂಡವನ್ನು ಪಾಲ್ ಕಾಲಿಜುರಿ ಹೊಡೆದ ಒಂದೇ ಗೋಲಿನಿಂದ ಮಣಿಸಿ, 1950ರ ಬಳಿಕ ಮೊದಲ ಸಲ ವಿಶ್ವಕಪ್ಪಿಗೆ ಮರಳಿತು. 1994ರ ವಿಶ್ವಕಪ್ಪಿನ ಆತಿಥ್ಯವನ್ನು ಫಿಫಾ ಅಮೆರಿಕಕ್ಕೆ ಕೊಟ್ಟದ್ದು 1988ರ ಜುಲೈ 4ರಂದು, ಮೆಕ್ಸಿಕೊದ ಮೇಲೆ ನಿಷೇಧ ಹೇರಿದ ನಾಲ್ಕೇ ದಿನಗಳ ತರುವಾಯ. ಎರಡಕ್ಕೂ ನಂಟು ಕಲ್ಪಿಸಿದವರು ಇದ್ದಾರೆ. ಆದರೆ ದಿನಗಳ ಸಾಮೀಪ್ಯ ಸಂಶಯಕ್ಕೆ ಕಾರಣವಾದೀತೇ ಹೊರತು ಪುರಾವೆಯಾಗದು.

ಕಳೆದುಕೊಂಡವರ ಪೈಕಿ ಮೊದಲು ನೆನಪಾಗುವ ಹೆಸರು ಹ್ಯೂಗೊ ಸಾಂಚೆಸ್. 1989-90ರ ಸ್ಪ್ಯಾನಿಷ್ ಲೀಗಿನಲ್ಲಿ ರಿಯಲ್ ಮ್ಯಾಡ್ರಿಡ್ ಪರವಾಗಿ 38 ಗೋಲು ಹೊಡೆದು, ಯುರೋಪಿನ ಚಿನ್ನದ ಬೂಟು ಪ್ರಶಸ್ತಿಯನ್ನು ಹಂಚಿಕೊಂಡವರು ಅವರು. ಆ ಬೇಸಿಗೆಯ ವಿಶ್ವಕಪ್ಪಿನಲ್ಲಿ ಅವರಿಗೆ ಜಾಗವಿರಲಿಲ್ಲ. ಗ್ವಾಟೆಮಾಲದ ಕಾಗದಗಳಿಗೂ ಅವರಿಗೂ ಏನೇನೂ ಸಂಬಂಧವಿರಲಿಲ್ಲ.

ಹಾಗಾದರೆ ಶಿಕ್ಷೆ ನ್ಯಾಯವೇ? ಆಡಳಿತದ ದೃಷ್ಟಿಯಿಂದ ಫಿಫಾದ ನಿಲುವು ಅರ್ಥವಾಗುತ್ತದೆ. ಜನ್ಮದಿನಾಂಕ ತಿದ್ದಿದ್ದು ಹುಡುಗರ ತಂಡವಲ್ಲ, ಸಂಸ್ಥೆ. ಹಿರಿಯರ ತಂಡವನ್ನು ಕಳಿಸುವುದೂ ಅದೇ ಸಂಸ್ಥೆ. ಕಿರಿಯರನ್ನಷ್ಟೇ ದಂಡಿಸಿದ್ದರೆ ಸಂಸ್ಥೆಗೆ ಬಿಸಿ ತಟ್ಟುತ್ತಿರಲಿಲ್ಲ. ಆದರೆ ಆ ದಂಡವನ್ನು ತೆತ್ತವರು ಆಟಗಾರರು ಮತ್ತು ಅಭಿಮಾನಿಗಳು. ಅಕ್ರಮವಾಗಿ ಆಡಿಸಿದ ಆಟಗಾರರನ್ನು ಮೆಕ್ಸಿಕೊದ ಆಡುಮಾತಿನಲ್ಲಿ 'ಕಾಚಿರೂಲೆಸ್' ಎನ್ನುತ್ತಾರೆ. ಇಡೀ ಹಗರಣ ಇಂದಿಗೂ ಗುರುತಾಗಿರುವುದು ಆ ಪದದಿಂದಲೇ. ಸುಳ್ಳು ದಾಖಲೆ ಸಲ್ಲಿಸಿದ ಅಧಿಕಾರಿಗಳಿಗೆ ಅಂಥ ಅಡ್ಡಹೆಸರು ಅಂಟಲಿಲ್ಲ.

2009ರಿಂದ 17 ವರ್ಷದೊಳಗಿನವರ ವಿಶ್ವಕಪ್ಪಿನಲ್ಲಿ ಫಿಫಾ ಮಣಿಕಟ್ಟಿನ ಎಂಆರ್‌ಐ ಪರೀಕ್ಷೆಯನ್ನು ಜಾರಿಗೆ ತಂದಿತು. ಕಾಗದದ ಮೇಲೆ ನಂಬಿಕೆ ಉಳಿಯದಿದ್ದಾಗ ಎಲುಬನ್ನೇ ಸಾಕ್ಷಿಗೆ ಕರೆಯಬೇಕಾಗುತ್ತದೆ. 1988ರಲ್ಲಿ ಅಂಥ ಯಂತ್ರದ ಅಗತ್ಯವೂ ಇರಲಿಲ್ಲ. ಒಕ್ಕೂಟ ತನ್ನ ಕೈಪಿಡಿಯನ್ನು ತಾನೇ ಒಮ್ಮೆ ತೆರೆದು ನೋಡಿದ್ದರೆ ಸಾಕಿತ್ತು.