ದೂರು ಕೊಡೋಕೆ ಒಂದು ಜಾಗ

ವರ್ಷಕ್ಕೊಂದು ಸಲ ಆಫೀಸಿನಲ್ಲಿ 'ಪಾಶ್ ಟ್ರೈನಿಂಗ್' ಅಂತ ಮೇಲ್ ಬರುತ್ತೆ. ಒಂದು ವಿಡಿಯೊ, ಕೊನೆಗೆ ಒಂದಷ್ಟು ಪ್ರಶ್ನೆ, ಆಮೇಲೊಂದು ಸರ್ಟಿಫಿಕೇಟ್. ನಮ್ಮಲ್ಲಿ ಬಹಳ ಜನ ಅದನ್ನು ಒಂದು ಟ್ಯಾಬ್‌ನಲ್ಲಿ ಓಡಲು ಬಿಟ್ಟು ಇನ್ನೊಂದರಲ್ಲಿ ಕೆಲಸ ಮಾಡ್ತಿರ್ತೀವಿ. ಆದರೆ ಅದರಲ್ಲಿ ಬರುವ 'ಇಂಟರ್ನಲ್ ಕಮಿಟಿ' ಎಚ್ಆರ್‌ನವರು ಕಂಡುಹಿಡಿದದ್ದಲ್ಲ. ದೂರು ಕೇಳೋಕೆ ಸಂಸ್ಥೆಯೊಳಗೇ ಒಂದು ಜಾಗ ಇರಬೇಕು ಅನ್ನುವ ಬೇಡಿಕೆಯ ಎಳೆಗಳಲ್ಲಿ ಒಂದನ್ನು ಹಿಡಿದು ಹಿಂದಕ್ಕೆ ಹೋದರೆ 1970ರ ದಶಕದ ಅಮೆರಿಕದ ಎರಡು ಕ್ಯಾಂಪಸ್‌ಗಳು ಸಿಗುತ್ತವೆ.

ಮೊದಲನೆಯದು ಕಾರ್ನೆಲ್. ಅಲ್ಲಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಕಾರ್ಮಿಟಾ ವುಡ್ ಎಂಬ ಮಹಿಳೆ ಮೇಲಧಿಕಾರಿಯ ಕಾಟ ತಾಳದೆ ಕೆಲಸ ಬಿಟ್ಟರು. ನಿರುದ್ಯೋಗ ಭತ್ಯೆ ಕೇಳಿದಾಗ, ಕೆಲಸ ಬಿಟ್ಟ ಕಾರಣ ವೈಯಕ್ತಿಕ ಎಂದು ಅರ್ಜಿ ತಿರಸ್ಕೃತವಾಯಿತು. ವೈಯಕ್ತಿಕವಲ್ಲದೆ ಮತ್ತೇನು ಅಂತ ಹೇಳೋಕೆ ಆಗ ಒಂದು ಪದವೇ ಇರಲಿಲ್ಲ. 1975ರಲ್ಲಿ ಅವರ ಬೆನ್ನಿಗೆ ನಿಂತ ಲಿನ್ ಫಾರ್ಲಿ ಮತ್ತು ಸಂಗಾತಿಗಳು 'ಸೆಕ್ಷುಯಲ್ ಹರಾಸ್‌ಮೆಂಟ್' ಎಂಬ ಹೆಸರನ್ನು ಬಳಕೆಗೆ ತಂದರು. ನಾವು ಇವತ್ತು 'ಲೈಂಗಿಕ ಕಿರುಕುಳ' ಅನ್ನೋದು ಅದನ್ನೇ. ಅದಕ್ಕೂ ಮುಂಚೆ ನಮ್ಮಲ್ಲೂ ಇದ್ದದ್ದು 'ಚುಡಾಯಿಸೋದು', ಅಂದರೆ ತಮಾಷೆ.

ಎರಡನೆಯದು ಯೇಲ್. ಪದವಿ ತರಗತಿಗಳಿಗೆ ಹೆಣ್ಣುಮಕ್ಕಳನ್ನು ಅದು ಸೇರಿಸಿಕೊಂಡದ್ದೇ 1969ರಲ್ಲಿ. 1977ರಲ್ಲಿ ಐವರು ವಿದ್ಯಾರ್ಥಿನಿಯರು, ಜೊತೆಗೆ ಜಾಕ್ ವಿಂಕ್ಲರ್ ಎಂಬ ಅಧ್ಯಾಪಕ, ತಮ್ಮದೇ ವಿಶ್ವವಿದ್ಯಾಲಯದ ಮೇಲೆ ಕೇಸ್ ಹಾಕಿದರು. ಅವರಲ್ಲೊಬ್ಬರು ಪಮೆಲಾ ಪ್ರೈಸ್, ಕಪ್ಪು ವರ್ಣೀಯ ವಿದ್ಯಾರ್ಥಿನಿ. ಒಪ್ಪಿದರೆ ಎ ಗ್ರೇಡ್ ಕೊಡ್ತೀನಿ ಅಂತ ಪ್ರಾಧ್ಯಾಪಕರು ಹೇಳಿದರು, ಒಪ್ಪದೆ ಇದ್ದದ್ದಕ್ಕೆ ಸಿ ಬಂತು ಅನ್ನೋದು ಅವರ ದೂರು. ಇನ್ನೊಬ್ಬರು ರಾನಿ ಅಲೆಕ್ಸಾಂಡರ್, ಕೊಳಲು ಕಲಿಯುತ್ತಿದ್ದವರು. ಕಿರುಕುಳದಿಂದಾಗಿ ಸಂಗೀತವನ್ನೇ ಬಿಡಬೇಕಾಯಿತು ಎಂದರು. ಕೇಸಿಗೆ ಬಿದ್ದದ್ದು ಅವರ ಹೆಸರೇ: ಅಲೆಕ್ಸಾಂಡರ್ ವರ್ಸಸ್ ಯೇಲ್.

ಅವರ ಮುಖ್ಯ ಬೇಡಿಕೆ ಹಣ ಅಲ್ಲ. ಇಂಥ ದೂರು ತಗೊಂಡು ಹೋಗೋಕೆ ಕ್ಯಾಂಪಸ್‌ನಲ್ಲಿ ಒಂದು ವ್ಯವಸ್ಥೆ ಮಾಡಿ, ಅಷ್ಟೇ.

ಕಾನೂನು ಯಾವುದು? 1972ರ ಟೈಟಲ್ ನೈನ್. ಫೆಡರಲ್ ಸರ್ಕಾರದ ಹಣ ಪಡೆಯುವ ಶಿಕ್ಷಣ ಕಾರ್ಯಕ್ರಮಗಳಲ್ಲಿ ಲಿಂಗದ ಕಾರಣಕ್ಕೆ ಯಾರಿಗೂ ತಾರತಮ್ಯ ಮಾಡುವಂತಿಲ್ಲ ಅನ್ನುವುದು ಅದರ ಸಾರ. ಕಿರುಕುಳದ ಮಾತೇ ಅದರಲ್ಲಿಲ್ಲ. ಯೇಲ್‌ನಲ್ಲೇ ಕಾನೂನು ಓದಿದ ಕ್ಯಾಥರೀನ್ ಮೆಕಿನನ್ ಮತ್ತು ವಕೀಲೆ ಆನ್ ಸೈಮನ್ ಕಟ್ಟಿದ ವಾದ ಹೀಗಿತ್ತು: ಒಬ್ಬ ಹುಡುಗ ಓದಿ ಗ್ರೇಡ್ ತಗೋತಾನೆ, ಅದೇ ಕ್ಲಾಸಿನ ಹುಡುಗಿ ಓದೂ ಓದಬೇಕು, ಮೇಷ್ಟ್ರ ಕಣ್ಣನ್ನೂ ತಪ್ಪಿಸಿಕೊಳ್ಳಬೇಕು. ಹಾಗಾದರೆ ಇಬ್ಬರಿಗೂ ಸಿಗ್ತಿರೋದು ಒಂದೇ ಶಿಕ್ಷಣ ಅಲ್ಲ. ಅದು ತಾರತಮ್ಯ. ಇವತ್ತು ಇದು ಸರಳ ಅನ್ನಿಸುತ್ತೆ. ಆಗ ಇಂಥದ್ದನ್ನೆಲ್ಲ ಒಬ್ಬ ಗಂಡಸಿನ ಖಾಸಗಿ ಚಪಲ ಅಂತಲೇ ನೋಡಲಾಗುತ್ತಿತ್ತು, ಸಂಸ್ಥೆಗೂ ಅದಕ್ಕೂ ಏನು ಸಂಬಂಧ ಅಂತ.

ನ್ಯಾಯಾಲಯ ತತ್ವವನ್ನು ಒಪ್ಪಿತು, ಆದರೆ ಪ್ರೈಸ್ ಬಿಟ್ಟು ಉಳಿದವರ ಅರ್ಜಿಗಳನ್ನು ಕೈಬಿಟ್ಟಿತು. 1979ರ ವಿಚಾರಣೆಯಲ್ಲಿ ಪ್ರೈಸ್ ಕೂಡ ಸೋತರು. ಅವರು ಹೇಳಿದ ಘಟನೆ ನಡೆದೇ ಇಲ್ಲ, ಗ್ರೇಡ್ ಓದಿನ ಮೇಲೇ ಕೊಟ್ಟದ್ದು ಎಂದು ತೀರ್ಮಾನವಾಯಿತು. 1980ರ ಮೇಲ್ಮನವಿಯಲ್ಲೂ ಸೋಲು. ಆದರೆ ಆ ತೀರ್ಪಿನಲ್ಲಿ ಒಂದು ವಿಚಿತ್ರ ಕಾರಣವಿದೆ. ಯೇಲ್ ಅಷ್ಟರಲ್ಲಿ ದೂರು ಕೇಳುವ ವ್ಯವಸ್ಥೆಯನ್ನು ಮಾಡಿಯಾಗಿತ್ತು. ಇವರು ಕೇಳಿದ ಮುಖ್ಯ ಪರಿಹಾರ ಆಗಲೇ ಸಿಕ್ಕಿದೆಯಲ್ಲ ಅಂದಿತು ಕೋರ್ಟು. ಕೇಸ್ ಸೋತರು, ಕೇಳಿದ್ದು ಸಿಕ್ಕಿತು.

ಈ ವ್ಯವಸ್ಥೆ ಬರೀ ದೂರು ಕೊಟ್ಟವರಿಗೆ ಬೇಕಾದದ್ದು ಅಂತ ಬಹಳ ಜನ ಅಂದ್ಕೊಂಡಿದ್ದಾರೆ. ನನಗೆ ಹಾಗನ್ನಿಸೋದಿಲ್ಲ. ಒಳಗೆ ಕೇಳೋ ಜಾಗ ಇಲ್ಲದಿದ್ದರೆ ಆರೋಪಿಗೂ ತನ್ನ ಮಾತು ಹೇಳೋಕೆ ಉಳಿಯೋದು ಪತ್ರಿಕೆ, ಕೋರ್ಟು, ಕ್ಯಾಂಟೀನಿನ ಗುಸುಗುಸು ಮಾತ್ರ. ಅಮೆರಿಕದಲ್ಲಿ ಮುಂದಿನ ಜಗಳವೆಲ್ಲ ನಡೆದದ್ದು ಇಬ್ಬರನ್ನೂ ಹೇಗೆ ಕೇಳಬೇಕು ಅನ್ನೋದರ ಮೇಲೇ. 2011ರಲ್ಲಿ ಸರ್ಕಾರದ ಒಂದು ಪತ್ರ ಬಂತು, 2020ರ ನಿಯಮಗಳು ಪಾಟೀಸವಾಲು ತಂದವು, 2024ರಲ್ಲಿ ಬಂದ ನಿಯಮಗಳನ್ನು 2025ರ ಜನವರಿಯಲ್ಲಿ ಕೋರ್ಟು ರದ್ದು ಮಾಡಿತು. ಎಂಎಸ್ ಮಾಡೋಕೆ ಅಲ್ಲಿಗೆ ಹೋಗುವ ನಮ್ಮ ಹುಡುಗ ಹುಡುಗಿಯರು ಒಂದನ್ನು ಗಮನಿಸಬೇಕು. ಟೈಟಲ್ ನೈನ್ ರಕ್ಷಣೆ ಕೊಡೋದು 'ನಾಗರಿಕ'ರಿಗೆ ಅಲ್ಲ, ಅಮೆರಿಕದಲ್ಲಿರುವ 'ವ್ಯಕ್ತಿ'ಗೆ. ವೀಸಾದ ಮೇಲಿದ್ದೀನಿ ಅಂತ ಸುಮ್ಮನಿರಬೇಕಿಲ್ಲ.

ನಮ್ಮ ದಾರಿ ಬೇರೆ ಕಡೆಯಿಂದ ಬಂತು. ರಾಜಸ್ಥಾನ ಸರ್ಕಾರದ ಮಹಿಳಾ ಯೋಜನೆಯಲ್ಲಿ ದುಡಿಯುತ್ತಿದ್ದ ಭಂವರಿ ದೇವಿ ಒಂದು ಬಾಲ್ಯವಿವಾಹ ತಡೆಯಲು ಹೋದರು; 1992ರಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಆ ಪ್ರಕರಣದಿಂದ ಹುಟ್ಟಿದ ವಿಶಾಖಾ ಅರ್ಜಿಯಲ್ಲಿ 1997ರ ಆಗಸ್ಟ್ 13ರಂದು ಸುಪ್ರೀಂ ಕೋರ್ಟ್, ಕಿರುಕುಳ ಅಂದರೆ ಸಮಾನತೆಯ ಹಕ್ಕಿನ ಉಲ್ಲಂಘನೆ ಎಂದಿತು. ಕೆಲಸದ ಜಾಗದಲ್ಲೆಲ್ಲ ದೂರು ಸಮಿತಿ ಇರಬೇಕು, ಮುಖ್ಯಸ್ಥೆ ಮಹಿಳೆಯಾಗಿರಬೇಕು, ಹೊರಗಿನವರೊಬ್ಬರು ಇರಬೇಕು ಎಂದಿತು. ಭಂವರಿ ದೇವಿಗೆ ಸಿಗದ ನ್ಯಾಯದ ಮೇಲೆ ನಿಂತಿದೆ ನಮ್ಮ ಪಾಶ್.

ಇದನ್ನು ಕ್ಯಾಂಪಸ್ಸಿಗೆ ಚೆನ್ನಾಗಿ ಹೊಂದಿಸಿದ್ದು ಜೆಎನ್‌ಯು. 1999ರಲ್ಲಿ ಶುರುವಾದ ಅಲ್ಲಿನ ಜಿಎಸ್‌ಕ್ಯಾಶ್ ಸಮಿತಿಗೆ ವಿದ್ಯಾರ್ಥಿಗಳು ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುತ್ತಿದ್ದರು. 2013ರ ಕಾನೂನಿನ ಕಾರಣ ಕೊಟ್ಟು 2017ರಲ್ಲಿ ಅದನ್ನು ತೆಗೆದು ಆಂತರಿಕ ಸಮಿತಿ ತಂದಾಗ ಗಲಾಟೆಯಾದದ್ದು ಹೆಸರಿಗಲ್ಲ, ಮೇಜಿನ ಆಚೆ ಕೂರುವವರನ್ನು ಯಾರು ಆರಿಸ್ತಾರೆ ಅನ್ನೋದಕ್ಕೆ.

ನನ್ನ ಪ್ರಕಾರ ಈ ಪ್ರಶ್ನೆಗೆ ಯುಜಿಸಿಯ 2015ರ ನಿಯಮಗಳು ಕಾಗದದ ಮೇಲಾದರೂ ಚೆನ್ನಾಗಿ ಉತ್ತರಿಸುತ್ತವೆ. ಕುಲಪತಿ, ಕುಲಸಚಿವ, ಡೀನ್‌ಗಳು ಸಮಿತಿಯಲ್ಲಿ ಇರುವಂತಿಲ್ಲ. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಇರಬೇಕು. 2013ರ ಕಾನೂನು ಮಹಿಳೆಯರಿಗೆ ಮಾತ್ರ. ಈ ನಿಯಮಗಳು ಗಂಡು ವಿದ್ಯಾರ್ಥಿಗಳನ್ನೂ ತೃತೀಯ ಲಿಂಗಿಗಳನ್ನೂ ನೆನೆಯುತ್ತವೆ. ವಿಚಾರಣೆ ನಡೆಯುವಾಗ ಮೂರು ತಿಂಗಳವರೆಗೆ ರಜೆ ಕೇಳಬಹುದು. ಆರೋಪ ಹೊತ್ತ ಅಧ್ಯಾಪಕರು ದೂರುದಾರರ ಪರೀಕ್ಷೆಯನ್ನಾಗಲಿ ಪ್ರಬಂಧವನ್ನಾಗಲಿ ಮೌಲ್ಯಮಾಪನ ಮಾಡದಂತೆ ತಡೆಯಬಹುದು. ಪ್ರೈಸ್ ಕಾಲದಲ್ಲಿ ಇದೊಂದು ಇದ್ದಿದ್ದರೆ?

ಅಂದ ಹಾಗೆ, ಪ್ರೈಸ್ ಆಮೇಲೆ ವಕೀಲೆಯಾದರು. 2002ರಲ್ಲಿ ಒಬ್ಬ ಕಪ್ಪು ರೈಲ್ವೆ ನೌಕರನ ಪರವಾಗಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರು. ವರ್ಷಗಟ್ಟಲೆ ನಡೆದ ಕಿರುಕುಳದ ಕೊನೆಯ ಘಟನೆಯೊಂದು ಗಡುವಿನೊಳಗಿದ್ದರೆ ಹಳೆಯದನ್ನೂ ಲೆಕ್ಕಕ್ಕೆ ತಗೋಬಹುದು ಎಂದು ಕೋರ್ಟು ಒಪ್ಪಿತು. ನಮ್ಮ ಕಾನೂನಿನಲ್ಲಿ ದೂರಿಗೆ ಗಡುವು ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು. ಒಂದಾದ ಮೇಲೊಂದು ನಡೆದಿದ್ದರೆ ಇಲ್ಲೂ ಎಣಿಸೋದು ಕೊನೆಯ ಘಟನೆಯ ದಿನದಿಂದಲೇ.