ಮೂಗು ತಿರುಚಿದ ವ್ಯಾಪಾರಿ, ಸರ್ಟಿಫಿಕೇಟ್ ಕೊಟ್ಟ ಜಡ್ಜ್

ಹಳೇ ಲೆಕ್ಕ – ಕಂತು 6

1767. ಹೆನ್ರಿ ಲಾರೆನ್ಸ್ ಅನ್ನೋ ದೊಡ್ಡ ವ್ಯಾಪಾರಿ ಕಸ್ಟಮ್ಸ್ ಕಲೆಕ್ಟರ್ ಡೇನಿಯಲ್ ಮೂರ್‌ನ ಮೂಗು ಹಿಡಿದು ತಿರುಚಿಬಿಟ್ಟ. ಕಥೆ ಅಲ್ಲ, ನಿಜ! ಊರು ಚಾರ್ಲ್ಸ್‌ಟೌನ್, ಆಗ ಬ್ರಿಟಿಷ್ ವಸಾಹತಾಗಿದ್ದ ಸೌತ್ ಕೆರೊಲಿನಾದ ಬಂದರು. ಅಮೆರಿಕ ಅನ್ನೋ ದೇಶ ಇನ್ನೂ ಹುಟ್ಟಿರಲಿಲ್ಲ.

ಸಿಟ್ಟು ಯಾಕೆ? ಲಾರೆನ್ಸ್‌ನ ಎರಡು ಸಣ್ಣ ಹಡಗು ಜಾರ್ಜಿಯಾದಲ್ಲಿದ್ದ ಅವನದೇ ತೋಟಗಳಿಗೆ ಸಾಮಾನು ಹೊತ್ತು ಹೋಗಿದ್ದವು. ವಾಪಸ್ ಬರುವಾಗ ಭಾರಕ್ಕೆ ಅಂತ ಮರದ ಸರಕು ಹಾಕ್ಕೊಂಡು ಬಂದವು. ಅದಕ್ಕೆ ಬೇಕಾದ ಕಾಗದಪತ್ರ ಇಲ್ಲ ಅಂತ ಎರಡನ್ನೂ ಜಪ್ತಿ ಮಾಡಿದ್ರು.

ಕಾಮರ್ಸ್‌ನವರು ಇಲ್ಲಿ ಗಮನ ಕೊಡಿ. ಜಪ್ತಿ ಮಾಲು ಹರಾಜಾದ್ರೆ ಮೂರರಲ್ಲಿ ಒಂದು ಪಾಲು ರಾಜನಿಗೆ, ಒಂದು ಗವರ್ನರ್‌ಗೆ, ಒಂದು ಹಿಡಿದ ಅಧಿಕಾರಿಗೇ! ಕೇಸ್ ನಡೆಯೋದು ಅಡ್ಮಿರಲ್ಟಿ ಕೋರ್ಟಲ್ಲಿ, ಅಲ್ಲಿ ಜ್ಯೂರಿ ಇರಲ್ಲ. ಜಡ್ಜ್ ಎಗರ್ಟನ್ ಲೀ ಒಬ್ಬನೇ. ಅದೇ ಲೀ ಸರ್ಕಾರದ ಅಟಾರ್ನಿ ಜನರಲ್ ಕೂಡ. ಸಾಲದ್ದಕ್ಕೆ ಲಾರೆನ್ಸ್‌ನ ಅಕ್ಕತಂಗಿಯರ ಕಡೆಯ ಅಳಿಯ. ಆಡಿಟಿಂಗ್ ಕ್ಲಾಸಲ್ಲಿ ಇಂಡಿಪೆಂಡೆನ್ಸ್ ಅಂತ ಓದ್ತೀವಲ್ಲ, ಅದು ಇಲ್ಲಿ ಯಾವ ಕಡೆಯಿಂದಲೂ ಇಲ್ಲ.

ಲೀ ಒಂದು ಹಡಗು ಬಿಟ್ಟ, ಇನ್ನೊಂದು ಮುಟ್ಟುಗೋಲು. ವ್ಯಾಪಾರಿಗಳು ಮೂರ್ ವಿರುದ್ಧ ದೂರುಗಳನ್ನ ಪುಸ್ತಿಕೆಯಾಗಿ ಅಚ್ಚು ಹಾಕಿಸಿದ್ರು. ಮೂರ್ ಅದೇ ವರ್ಷ ಇಂಗ್ಲೆಂಡಿಗೆ ಹೊರಟುಹೋದ. ಲಾರೆನ್ಸ್ ಬಿಡಲಿಲ್ಲ. ಜಪ್ತಿ ಮಾಡಿದ್ದ ಅಧಿಕಾರಿ ಜಾರ್ಜ್ ರೂಪೆಲ್ ಮೇಲೆ ಜ್ಯೂರಿ ಇರೋ ಮಾಮೂಲಿ ಕೋರ್ಟಲ್ಲಿ ದಾವೆ ಹಾಕಿ, 1,400 ಪೌಂಡ್ ಪರಿಹಾರ ಗೆದ್ದ (ವಸಾಹತಿನ ಪೌಂಡು, ಲಂಡನ್ ಪೌಂಡಿಗಿಂತ ತುಂಬಾ ಅಗ್ಗ).

ಗೆದ್ದ ಅಂದ್ಕೊಂಡ್ರಾ? 1768ರಲ್ಲಿ ರೂಪೆಲ್ ಲಾರೆನ್ಸ್‌ನ 'ಆನ್' ಅನ್ನೋ ಹಡಗನ್ನೂ ಹಿಡಿದ. ಆ 1,400 ಬಿಟ್ಟುಬಿಡು, ಹಡಗು ಬಿಡ್ತೀನಿ ಅಂದ! ಲಾರೆನ್ಸ್ ಒಪ್ಪಲಿಲ್ಲ. ಕೇಸ್ ಮತ್ತೆ ಲೀ ಮುಂದೆ.

ಲೀ ಹಡಗು ಬಿಟ್ಟ, ಆದ್ರೆ ದ್ವೇಷದಿಂದ ಮಾಡಿಲ್ಲ ಅಂತ ರೂಪೆಲ್ ಕೈಲಿ ಪ್ರಮಾಣ ಮಾಡಿಸಿದ. ಜಪ್ತಿಗೆ ತಕ್ಕ ಕಾರಣ ಇತ್ತು ಅಂತಲೂ ಬರೆದುಕೊಟ್ಟ. 1764ರ ಶುಗರ್ ಆ್ಯಕ್ಟ್ ಪ್ರಕಾರ ಜಡ್ಜ್ ಆ ಒಂದು ಸಾಲು ಬರೆದ್ರೆ ಮುಗೀತು, ಅಧಿಕಾರಿ ಮೇಲೆ ಪರಿಹಾರದ ದಾವೆ ನಿಲ್ಲಲ್ಲ. ನಿನ್ನ ತಪ್ಪಿಲ್ಲ, ಆದ್ರೂ ನಷ್ಟ ನಿಂದೇ. ನಂಗೆ ಮೂಗು ತಿರುಚಿದ್ದಕ್ಕಿಂತ ಈ ಸಾಲೇ ಹೆಚ್ಚು ತಲೆ ಕೆಡಿಸ್ತು.

ಲಾರೆನ್ಸ್‌ನ ಹೀರೋ ಮಾಡ್ಬೇಡಿ. ಅವನ ದುಡ್ಡಲ್ಲಿ ದೊಡ್ಡ ಪಾಲು ಬಂದಿದ್ದು ಆಫ್ರಿಕಾದಿಂದ ಹಿಡಿದು ತಂದ ಮನುಷ್ಯರನ್ನ ಮಾರಿ. ಅವರ ದೂರು ಕೇಳೋಕೆ ಯಾವ ಕೋರ್ಟೂ ಇರಲಿಲ್ಲ.

ಲಾರೆನ್ಸ್ ಕೋರ್ಟ್ ನಡವಳಿಕೆಯನ್ನೇ ಅಚ್ಚು ಹಾಕಿಸಿ ಹಂಚಿದ. ಲೀ ಉತ್ತರ ಬರೆದ, ಇವನು ಅದಕ್ಕೂ ಉತ್ತರ ಬರೆದ. ಲೀಗೆ ಜಡ್ಜ್ ಕುರ್ಚಿ ಬಿಡಬೇಕಾಯ್ತು. 1777ರಲ್ಲಿ ಲಾರೆನ್ಸ್ ಬ್ರಿಟಿಷರ ವಿರುದ್ಧ ಎದ್ದ ವಸಾಹತುಗಳ ಕಾಂಗ್ರೆಸ್‌ಗೆ ಅಧ್ಯಕ್ಷನಾದ. ಲೀಗೆ? ಅಷ್ಟರಲ್ಲೇ ಲಂಡನ್ 'ಸರ್' ಪದವಿ ಕೊಟ್ಟಿತ್ತು.

#ಹಳೇಲೆಕ್ಕ #ಇತಿಹಾಸ #ಬಿಕಾಂ